ಒಂದೇ ಬಿರುಗಾಳಿ: ಕಣಿವೆಗೆ ಮಳೆ, ಬೆಟ್ಟಕ್ಕೆ ಹಿಮ, ಮರುಭೂಮಿಗೆ ಬರೀ ಗಾಳಿ

2024ರ ಮಾರ್ಚ್ 1, ಶುಕ್ರವಾರ. ಕ್ಯಾಲಿಫೋರ್ನಿಯಾದ ಮಡೇರಾ ಹತ್ತಿರ ತೋಟಗಳ ನಡುವೆ ಸುಂಟರಗಾಳಿಯೊಂದು ಎದ್ದು ಒಂದು ಶಾಲೆಯ ಕಟ್ಟಡಕ್ಕೆ ಹಾನಿ ಮಾಡಿತು. ಅದೇ ದಿನ ಅಲ್ಲಿಂದ ಈಶಾನ್ಯಕ್ಕಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಹಿಮದ ಭಯಕ್ಕೆ ಬಾಗಿಲು ಹಾಕಿತು. ಬೆಟ್ಟ ದಾಟಿ ಇನ್ನೂ ಆಚೆ ಹೋದರೆ ಡೆತ್ ವ್ಯಾಲಿ. ಅಲ್ಲಿ ಸುದ್ದಿ ಮಾಡಿದ್ದು ಗಾಳಿ. ಮರುಭೂಮಿಯ ನಡುವೆ ನಿಂತಿದ್ದ ಒಂದು ಕೆರೆಯನ್ನೇ ಅದು ಆ ಎರಡು ಮೂರು ದಿನಗಳಲ್ಲಿ 3 ಕಿ.ಮೀ. ಉತ್ತರಕ್ಕೆ ತಳ್ಳಿಬಿಟ್ಟಿತು.

ಓದಿದರೆ ಮೂರು ಬೇರೆ ಬೇರೆ ಸುದ್ದಿ ಅನ್ನಿಸುತ್ತದೆ, ಅಲ್ವಾ? ಆದರೆ ಮೂರೂ ಒಂದೇ ಬಿರುಗಾಳಿಯ ಕೆಲಸ. ಅಲಾಸ್ಕಾ ಕಡೆಯಿಂದ ಇಳಿದು ಬಂದ ಒಂದೇ ಗಾಳಿರಾಶಿ ಮೂರು ಊರಿಗೆ ಮೂರು ಮುಖ ತೋರಿಸಿತು. ಅದನ್ನು ಹಾಗೆ ಮೂರು ಪಾಲು ಮಾಡಿದ್ದು ಮಧ್ಯದಲ್ಲಿ ಅಡ್ಡ ನಿಂತ ಬೆಟ್ಟ. ಈ ಒಂದು ಸಂಗತಿ ಗೊತ್ತಿದ್ದರೆ ಅಮೆರಿಕದ ಪಶ್ಚಿಮ ರಾಜ್ಯಗಳ ಹವಾಮಾನ ಮುನ್ಸೂಚನೆ ಅರ್ಧಕ್ಕರ್ಧ ಅರ್ಥವಾದ ಹಾಗೆ.

ಮೊದಲು ನೆಲದ ಆಕಾರ ನೋಡೋಣ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ. ಕರಾವಳಿಗೆ ಅಂಟಿಕೊಂಡು ಅಷ್ಟೇನೂ ಎತ್ತರವಿಲ್ಲದ ಬೆಟ್ಟಗಳು. ಅವುಗಳ ಹಿಂದೆ ಸೆಂಟ್ರಲ್ ವ್ಯಾಲಿ. ವ್ಯಾಲಿ ಎಂದ ಕೂಡಲೇ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ ಅಂದುಕೊಳ್ಳಬೇಡಿ. ಇದು ಸುಮಾರು 700 ಕಿ.ಮೀ. ಉದ್ದದ ಮಟ್ಟಸ ಬಯಲು. ಸ್ಯಾಕ್ರಮೆಂಟೊ, ಫ್ರೆಸ್ನೊ ನಗರಗಳು ಇರುವುದು ಇಲ್ಲೇ. ಬಯಲಿನ ಪೂರ್ವ ಅಂಚಿನಿಂದ ಸಿಯೆರಾ ನೆವಾಡಾ ಬೆಟ್ಟಸಾಲು ಏಳುತ್ತದೆ, 640 ಕಿ.ಮೀ. ಉದ್ದಕ್ಕೆ ಎಲ್ಲೂ ಕಡಿಯದೆ. ಪಶ್ಚಿಮದ ಇಳಿಜಾರು ನಿಧಾನ, ಪೂರ್ವದ್ದು ಕಡಿದಾದ ಗೋಡೆ. ಇದರ ತುತ್ತತುದಿ ಮೌಂಟ್ ವಿಟ್ನಿ, 4,421 ಮೀಟರ್. ಅಲ್ಲಿಂದ ನೇರ ಗೆರೆ ಎಳೆದರೆ 140 ಕಿ.ಮೀ. ಒಳಗೇ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಗ್ಗು ಸಿಗುತ್ತದೆ. ಅದು ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಇಷ್ಟು ಚಿಕ್ಕ ದೂರದಲ್ಲಿ ಇಷ್ಟು ಏರಿಳಿತ ಇರುವ ಕಡೆ ಗಾಳಿ ಸುಮ್ನೆ ಹಾದುಹೋಗುವುದಿಲ್ಲ.

ಇನ್ನು ಬಿರುಗಾಳಿ. ಚಳಿಗಾಲ ಮತ್ತು ವಸಂತದಲ್ಲಿ ಅಲಾಸ್ಕಾ ಕೊಲ್ಲಿಯ ಆಸುಪಾಸು ವಾಯುಭಾರ ಕುಸಿತಗಳು ಹುಟ್ಟುತ್ತಲೇ ಇರುತ್ತವೆ. ಜೆಟ್ ಸ್ಟ್ರೀಮ್ ಎಂಬ ಮೇಲಿನ ವೇಗದ ಗಾಳಿ ಅವುಗಳನ್ನು ಪೂರ್ವಕ್ಕೆ ತಳ್ಳುತ್ತದೆ. ಜೆಟ್ ದಕ್ಷಿಣಕ್ಕೆ ಬಾಗಿದ ದಿನ ಕುಸಿತ ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಉತ್ತರಾರ್ಧ ಗೋಳದಲ್ಲಿ ಗಾಳಿ ಕುಸಿತದ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಅದರ ಮುಂಭಾಗದಲ್ಲಿ ನೈಋತ್ಯದಿಂದ ಸಾಗರದ ತೇವ ಹೊತ್ತ ಗಾಳಿ ಬರುತ್ತದೆ. ಸಿಯೆರಾ ಸಾಲು ಇರುವುದು ವಾಯವ್ಯದಿಂದ ಆಗ್ನೇಯಕ್ಕೆ. ಅಂದರೆ ಗಾಳಿ ಬೆಟ್ಟಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಬಂದು ಬಡಿಯುತ್ತದೆ. ಮುಂದಿನ ಕಥೆಗೆಲ್ಲ ಈ ಬಡಿತವೇ ಕಾರಣ.

ಕಣಿವೆಯಲ್ಲಿ ಮೊದಲು ಕಾಣುವುದು ಮಾಮೂಲಿ ಮಳೆ. ಮೋಡದೊಳಗೆ ಅದೂ ಹಿಮವಾಗಿಯೇ ಹುಟ್ಟಿರುತ್ತದೆ. ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಕರಗಿ ಹನಿಯಾಗುತ್ತದೆ. ಸ್ಯಾಕ್ರಮೆಂಟೊಗೆ ವರ್ಷವಿಡೀ ಬೀಳುವುದೇ 470 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗೆ. ಆದರೆ ಕಣಿವೆಯಲ್ಲೂ ಬೆಟ್ಟದ ಕೈವಾಡ ಇದೆ. ಕೆಳಮಟ್ಟದಲ್ಲಿ ಬಂದ ಗಾಳಿಗೆಲ್ಲ ಬೆಟ್ಟ ಹತ್ತುವ ತಾಕತ್ತು ಇರುವುದಿಲ್ಲ. ಹತ್ತಲಾರದ ಗಾಳಿ ಪಕ್ಕಕ್ಕೆ ತಿರುಗಿ ಬೆಟ್ಟದ ಬುಡದುದ್ದಕ್ಕೂ ಆಗ್ನೇಯದಿಂದ ವಾಯವ್ಯಕ್ಕೆ ಹರಿಯತೊಡಗುತ್ತದೆ. ಹವಾಮಾನ ತಜ್ಞರು ಇದನ್ನು ಬ್ಯಾರಿಯರ್ ಜೆಟ್ ಅನ್ನುತ್ತಾರೆ. ಈಗ ನೆಲದ ಹತ್ತಿರ ಗಾಳಿ ಆಗ್ನೇಯದಿಂದ, ಒಂದೆರಡು ಕಿ.ಮೀ. ಮೇಲೆ ನೈಋತ್ಯ ಇಲ್ಲವೇ ಪಶ್ಚಿಮದಿಂದ. ಎತ್ತರಕ್ಕೆ ತಕ್ಕಂತೆ ದಿಕ್ಕು ತಿರುಗುವ ಇಂಥ ಗಾಳಿಯಲ್ಲಿ ಗುಡುಗುಮೋಡ ಬೆಳೆದರೆ ಅದು ಗಿರಗಿರನೆ ಸುತ್ತಲು ಶುರು ಮಾಡುತ್ತದೆ. ಸೆಂಟ್ರಲ್ ವ್ಯಾಲಿಯಲ್ಲಿ ಆಗಾಗ ಚಿಕ್ಕ ಸುಂಟರಗಾಳಿಗಳು ಏಳುವುದರ ಹಿಂದಿನ ಗುಟ್ಟು ಇದೇ. ಸುಂಟರಗಾಳಿಯ ಬಲ ಹೇಳುವ ಇಎಫ್ ದರ್ಜೆಗಳಲ್ಲಿ ಮಡೇರಾದ್ದು ಇಎಫ್1. ದೊಡ್ಡ ಸುಂಟರಗಾಳಿಗಳನ್ನು ಕಂಡ ಒಕ್ಲಹೋಮಾದವರು ಅದನ್ನು ಲೆಕ್ಕಕ್ಕೇ ಇಡಲಿಕ್ಕಿಲ್ಲ. ಆದರೆ ಈ ದರ್ಜೆಯಲ್ಲಿ ಗಾಳಿಯ ವೇಗ ಗಂಟೆಗೆ 138ರಿಂದ 177 ಕಿ.ಮೀ. ಇರುತ್ತದೆ, ಛಾವಣಿ ಕೀಳಲು ಅಷ್ಟು ಸಾಕು.

ಇದು ಬಾದಾಮಿ ಹೂ ಬಿಡುವ ಕಾಲವೂ ಹೌದು. ಜಗತ್ತಿನ ಸುಮಾರು ಶೇ 80ರಷ್ಟು ಬಾದಾಮಿ ಈ ಬಯಲಿನಿಂದಲೇ ಬರುತ್ತದೆ. ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ತೋಟಗಳು ಬಿಳಿ ಹೂವಿನಿಂದ ತುಂಬಿರುತ್ತವೆ, ಪರಾಗಸ್ಪರ್ಶಕ್ಕೆಂದು ದೇಶದ ಮೂಲೆ ಮೂಲೆಯಿಂದ ಲಾರಿಗಳಲ್ಲಿ ಜೇನುಪೆಟ್ಟಿಗೆ ತಂದಿರುತ್ತಾರೆ. ಜೇನುಹುಳ ಮಳೆಯಲ್ಲಿ ಹಾರುವುದಿಲ್ಲ, 13 ಡಿಗ್ರಿಗಿಂತ ತಂಪಿದ್ದರೂ ಗೂಡು ಬಿಡಲು ಹಿಂಜರಿಯುತ್ತದೆ. ಹಾಗಾಗಿ ಬೇರೆಯವರಿಗೆ ಖುಷಿ ಕೊಡುವ ಮಾರ್ಚ್ ಮಳೆ ಬಾದಾಮಿ ಬೆಳೆಗಾರರಿಗೆ ತಲೆನೋವು.

ಈಗ ಬೆಟ್ಟ ಹತ್ತೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಕಷ್ಟದ್ದೇನಲ್ಲ. ಗಾಳಿ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಮೋಡ ಕಟ್ಟುವ ಮೊದಲು ಪ್ರತಿ ಕಿ.ಮೀ. ಏರಿಕೆಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಮೋಡ ಕಟ್ಟಿದ ಮೇಲೆ ಇಳಿಕೆ ಸುಮಾರು 6 ಡಿಗ್ರಿ ಮಾತ್ರ, ಯಾಕೆಂದರೆ ಆವಿ ನೀರಾಗುವಾಗ ತನ್ನೊಳಗಿದ್ದ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಈ 10 ಮತ್ತು 6ರ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮರುಭೂಮಿಗೆ ಹೋದಾಗ ಬೇಕಾಗುತ್ತದೆ.

ಸಮುದ್ರ ಮಟ್ಟದಲ್ಲಿ 12 ಡಿಗ್ರಿ ಇರುವ ಗಾಳಿ ಎಂದಿಟ್ಟುಕೊಳ್ಳಿ. 500 ಮೀಟರ್ ಏರುವ ಹೊತ್ತಿಗೆ 7 ಡಿಗ್ರಿಗೆ ಇಳಿದು ಮೋಡ ಕಟ್ಟುತ್ತದೆ. ಅಲ್ಲಿಂದ 3,000 ಮೀಟರಿನ ಶಿಖರದವರೆಗೆ ಇನ್ನೂ 15 ಡಿಗ್ರಿ ಇಳಿದು ಮೈನಸ್ 8 ಆಗುತ್ತದೆ. ತಣ್ಣಗಿನ ಗಾಳಿಯಲ್ಲಿ ಆವಿ ಹೆಚ್ಚು ಹೊತ್ತು ಉಳಿಯಲಾರದು. ಈ ಏರಿಕೆಯಲ್ಲಿ ಗಾಳಿ ಹೊತ್ತು ತಂದ ಆವಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇಲ್ಲವೇ ಹಿಮದ ಹರಳಾಗುತ್ತದೆ. ಅದರಲ್ಲಿ ಬಹುಪಾಲು ಬೀಳುವುದು ಪಶ್ಚಿಮದ ಇಳಿಜಾರಿನ ಮೇಲೆ.

ಮಳೆ ಎಲ್ಲಿ ನಿಂತು ಹಿಮ ಎಲ್ಲಿ ಶುರುವಾಗುತ್ತದೆ? ನಮ್ಮ ಲೆಕ್ಕದಲ್ಲಿ ಸೊನ್ನೆ ಡಿಗ್ರಿ ಸಿಗುವುದು 1,650 ಮೀಟರ್ ಆಸುಪಾಸಿನಲ್ಲಿ. ಆದರೆ ಹಿಮದ ಎಸಳು ಸೊನ್ನೆ ಗೆರೆ ದಾಟಿದ ತಕ್ಷಣ ಕರಗುವುದಿಲ್ಲ, ಇನ್ನೂ ಇನ್ನೂರು ಮುನ್ನೂರು ಮೀಟರ್ ಹಾಗೇ ಇಳಿಯುತ್ತದೆ. ಅಂದರೆ ಹಿಮದ ಗೆರೆ 1,350 ಮೀಟರ್ ಹತ್ತಿರ. ಸ್ಯಾಕ್ರಮೆಂಟೊದಿಂದ ತಾಹೋ ಸರೋವರದ ಕಡೆಗೆ ಹೋಗುವ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. 375 ಮೀಟರ್ ಎತ್ತರದ ಆಬರ್ನ್‌ನಲ್ಲಿ ಮಳೆ. ಕೋಲ್ಫಾಕ್ಸ್‌ನಲ್ಲೂ ಮಳೆಯೇ. 1,600 ಮೀಟರ್ ದಾಟಿದ ಬ್ಲೂ ಕ್ಯಾನ್ಯನ್‌ನಲ್ಲಿ ಹಿಮ. 2,200 ಮೀಟರಿನ ಡಾನರ್ ಶಿಖರದಲ್ಲಿ ಕಣ್ಣು ಬಿಡಲಾಗದಷ್ಟು ಹಿಮ. ಒಂದೂವರೆ ಗಂಟೆಯ ಡ್ರೈವ್ ಅಷ್ಟೇ. ಬಿರುಗಾಳಿಯ ಹಿಂದಿನಿಂದ ಬರುವ ತಂಪು ಗಾಳಿ ತಲುಪಿದ ಮೇಲೆ ಈ ಗೆರೆ ಕೆಲವೇ ತಾಸಿನಲ್ಲಿ ನೂರಾರು ಮೀಟರ್ ಕೆಳಕ್ಕೆ ಜಾರುತ್ತದೆ. ಬೆಳಿಗ್ಗೆ ಮಳೆಯಲ್ಲಿ ಹೊರಟವರು ಮಧ್ಯಾಹ್ನ ಅದೇ ಜಾಗದಲ್ಲಿ ಹಿಮದಲ್ಲಿ ಸಿಕ್ಕಿಕೊಳ್ಳುವುದು ಹೀಗೆ.

ಇಲ್ಲಿ ಬೆಟ್ಟ ದಾಟುವ ದಾರಿಯಾದ ಡಾನರ್ ಪಾಸ್ ಅಂದರೆ ಅಮೆರಿಕದವರಿಗೆ ಒಂದು ಕರಾಳ ನೆನಪು. 1846ರಲ್ಲಿ ಪಶ್ಚಿಮಕ್ಕೆ ವಲಸೆ ಹೊರಟ ಒಂದು ಗುಂಪು ಇಲ್ಲಿ ಹಿಮಕ್ಕೆ ಸಿಕ್ಕಿ ಚಳಿಗಾಲವಿಡೀ ಕಳೆಯಬೇಕಾಯಿತು. ಅವರಲ್ಲಿ ಅರ್ಧದ ಹತ್ತಿರ ಜನ ಬದುಕಲಿಲ್ಲ. 1952ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ರೈಲು 226 ಜನರ ಸಮೇತ ಮೂರು ದಿನ ಹೂತುಹೋಗಿತ್ತು. ಪಾಸ್ ಹತ್ತಿರವೇ 1946ರಿಂದ ಒಂದು ಹಿಮ ಪ್ರಯೋಗಾಲಯ ನಡೆಯುತ್ತಿದೆ. 2022-23ರ ಚಳಿಗಾಲದಲ್ಲಿ ಅಲ್ಲಿ ಅಳೆದ ಹಿಮ 754 ಇಂಚು, ಅಂದರೆ ಹತ್ತಿರ ಹತ್ತಿರ 63 ಅಡಿ. 2024ರ ಮಾರ್ಚ್ ಬಿರುಗಾಳಿಯೊಂದೇ ಕೆಲವು ಸ್ಕೀ ತಾಣಗಳಲ್ಲಿ ಮೂರು ನಾಲ್ಕು ದಿನದಲ್ಲಿ 10 ಅಡಿ ಆಸುಪಾಸು ಸುರಿಯಿತು. ಹೆದ್ದಾರಿಯನ್ನು ಬೆಟ್ಟದ ಭಾಗದಲ್ಲಿ ಮುಚ್ಚಬೇಕಾಯಿತು. ಪ್ಯಾಲಿಸೇಡ್ಸ್ ತಾಹೋ ಎಂಬ ಸ್ಕೀ ತಾಣದಲ್ಲಿ ಬೆಟ್ಟದ ನೆತ್ತಿಯ ಮೇಲಿದ್ದ ಗಾಳಿಮಾಪಕ ಗಂಟೆಗೆ 190 ಮೈಲಿ, ಅಂದರೆ 306 ಕಿ.ಮೀ. ವೇಗ ತೋರಿಸಿತು. ಎಲ್ಲ ಕಡೆ ಓಡಾಡಿದ್ದು ಈ ಅಂಕಿಯೇ. ನನ್ನ ಪ್ರಕಾರ ಅದು ಆ ದಿನದ ಅತಿ ಕಡಿಮೆ ಉಪಯೋಗದ ಅಂಕಿ. ಆ ನೆತ್ತಿಯ ಮೇಲೆ ಆಗ ಯಾರೂ ನಿಂತಿರುವುದಿಲ್ಲ. ಜನರಿಗೆ ಬೇಕಾಗಿದ್ದು ಹಿಮದ ಗೆರೆ ಎಷ್ಟು ಎತ್ತರದಲ್ಲಿದೆ ಎಂಬುದು, ರಾಜ್ಯಕ್ಕೆ ಬೇಕಾಗಿದ್ದು ಆ ಹಿಮದಲ್ಲಿ ನೀರೆಷ್ಟು ಎಂಬುದು.

ನೀರಿನ ಮಾತು ಬಂದಾಗ ಅಡಿ, ಇಂಚುಗಳಿಗೆ ಮರುಳಾಗಬಾರದು. ತಾಜಾ ಹಿಮ ಹತ್ತು ಇಂಚು ಕರಗಿಸಿದರೆ ಒಂದು ಇಂಚು ನೀರು ಎಂಬುದು ಸ್ಥೂಲ ಲೆಕ್ಕ. ಸಾಗರದ ಹತ್ತಿರವಿರುವ ಸಿಯೆರಾದಲ್ಲಿ ಹಿಮ ಅದಕ್ಕಿಂತ ಭಾರ, ಒದ್ದೆ. ಸಲಿಕೆ ಹಿಡಿದವರು ಅದನ್ನು 'ಸಿಯೆರಾ ಸಿಮೆಂಟ್' ಅಂತಲೇ ಕರೆಯುತ್ತಾರೆ. ಬಿದ್ದ ಹಿಮ ತನ್ನ ಭಾರಕ್ಕೇ ಕುಗ್ಗಿ ಇನ್ನೂ ಗಟ್ಟಿಯಾಗುತ್ತದೆ. 2024ರ ಏಪ್ರಿಲ್ 2ರಂದು ತಾಹೋ ಬಳಿಯ ಫಿಲಿಪ್ಸ್ ಸ್ಟೇಷನ್‌ನಲ್ಲಿ ಅಳೆದಾಗ ಹಿಮದ ಆಳ 64 ಇಂಚು, ಅದರಲ್ಲಿದ್ದ ನೀರು 27.5 ಇಂಚು. ಕ್ಯಾಲಿಫೋರ್ನಿಯಾ ಬಳಸುವ ನೀರಿನ ಸುಮಾರು ಶೇ 30ರಷ್ಟು ಈ ಹಿಮದಿಂದಲೇ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಚಳಿಗಾಲದ ನೀರನ್ನು ಜುಲೈವರೆಗೆ ಹಿಡಿದಿಟ್ಟು ನಿಧಾನಕ್ಕೆ ಬಿಡುವ ಅಣೆಕಟ್ಟು ಈ ಹಿಮವೇ. ಮಳೆಯಾಗಿ ಬಿದ್ದಿದ್ದರೆ ಅದೇ ನೀರು ನೆರೆಯಾಗಿ ಒಂದು ವಾರದಲ್ಲಿ ಸಮುದ್ರ ಸೇರುತ್ತಿತ್ತು.

ಆ ವರ್ಷದ ಲೆಕ್ಕವನ್ನೇ ನೋಡಿ. ಜನವರಿ ಆರಂಭದಲ್ಲಿ ರಾಜ್ಯದ ಹಿಮದ ಸಂಗ್ರಹ ಆ ದಿನದ ಸರಾಸರಿಯ ಶೇ 25 ಮಾತ್ರ ಇತ್ತು. ಫೆಬ್ರವರಿ 29ಕ್ಕೆ ಶೇ 80. ಮಾರ್ಚ್ ಬಿರುಗಾಳಿ ಬಂದುಹೋದ ಮೇಲೆ, ಏಪ್ರಿಲ್ ಮೊದಲ ವಾರಕ್ಕೆ ಶೇ 110. ಇದಕ್ಕೆ ತದ್ವಿರುದ್ಧ 2015. ಆಗ ಏಪ್ರಿಲ್ 1ಕ್ಕೆ ಉಳಿದಿದ್ದು ಸರಾಸರಿಯ ಶೇ 5. ಅಂದಿನ ಗವರ್ನರ್ ಜೆರ್ರಿ ಬ್ರೌನ್ ಇದೇ ಫಿಲಿಪ್ಸ್ ಸ್ಟೇಷನ್‌ನ ಒಣ ಹುಲ್ಲಿನ ಮೇಲೆ ನಿಂತು ಊರು-ನಗರಗಳ ನೀರಿನ ಬಳಕೆಯಲ್ಲಿ ಶೇ 25 ಕಡಿತ ಘೋಷಿಸಿದ್ದರು.

ಶಿಖರ ದಾಟಿದ ಗಾಳಿಗೆ ಏನಾಗುತ್ತದೆ? ನೆನಪಿಟ್ಟುಕೊಳ್ಳಲು ಹೇಳಿದ್ದ ಲೆಕ್ಕ ಈಗ ಬೇಕು. ಇಳಿಯುವ ಗಾಳಿ ಕುಗ್ಗುತ್ತದೆ, ಬಿಸಿಯಾಗುತ್ತದೆ. ಮೋಡ ಕರಗಿಹೋಗಿರುವುದರಿಂದ ಈಗ ಪ್ರತಿ ಕಿ.ಮೀ.ಗೆ ಪೂರ್ತಿ 10 ಡಿಗ್ರಿ ಏರುತ್ತದೆ. ಮೈನಸ್ 8ರಿಂದ ಹೊರಟು 3,000 ಮೀಟರ್ ಇಳಿದರೆ 22 ಡಿಗ್ರಿ. ಆ ಬದಿಯಲ್ಲಿ ಸಮುದ್ರ ಮಟ್ಟದಲ್ಲಿ 12 ಡಿಗ್ರಿ ಇದ್ದ ಗಾಳಿ, ಈ ಬದಿಯಲ್ಲಿ ಅದೇ ಮಟ್ಟಕ್ಕೆ ಬಂದಾಗ 10 ಡಿಗ್ರಿ ಜಾಸ್ತಿ ಬಿಸಿ. ಆವಿ ಅರ್ಧಕ್ಕಿಂತ ಕಡಿಮೆ ಉಳಿದಿರುವುದರಿಂದ ಸಾಪೇಕ್ಷ ತೇವಾಂಶ ಶೇ 20ಕ್ಕೂ ಕೆಳಗೆ. ಇಂಥ ಗಾಳಿಯಿಂದ ಮಳೆ ಎಲ್ಲಿಂದ ಬರಬೇಕು? ನಿಜವಾದ ಬಿರುಗಾಳಿಯಲ್ಲಿ ತಂಪು ಗಾಳಿಯೂ ಬೆರೆಯುತ್ತದೆ, ನಡುವೆ ಇನ್ನೆರಡು ಬೆಟ್ಟಸಾಲುಗಳೂ ಇವೆ, ಲೆಕ್ಕ ಇಷ್ಟು ಚೊಕ್ಕವಾಗಿರುವುದಿಲ್ಲ. ಆದರೆ ಫಲ ಇದೇ. ಬೆಟ್ಟದ ಬುಡದ ಬಿಷಪ್ ಊರಿಗೆ ವರ್ಷಕ್ಕೆ ಸುಮಾರು 5 ಇಂಚು ಮಳೆ, ಡೆತ್ ವ್ಯಾಲಿಗೆ ಎರಡು ಇಂಚಿನ ಆಸುಪಾಸು. ನಮ್ಮಲ್ಲೂ ಮುಂಗಾರು ಮಾರುತ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿದು, ಘಟ್ಟ ದಾಟಿ ಚಳ್ಳಕೆರೆ ಕಡೆಗೆ ಬರುವಷ್ಟರಲ್ಲಿ 500 ಮಿ.ಮೀ. ಆಸುಪಾಸು ಉಳಿಸುವುದು ಇದೇ ನಿಯಮದಿಂದ. ಮಳೆ ಕಡಿಮೆಯಾದರೂ ಗಾಳಿ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಮುಂಗಾರಿನಲ್ಲಿ ಭರ್ರನೆ ತಿರುಗುವ ಚಿತ್ರದುರ್ಗದ ಗಾಳಿಯಂತ್ರಗಳೇ ಸಾಕ್ಷಿ.

ಮರುಭೂಮಿಯ ಗಾಳಿಗೆ ಕಾರಣ ಒಂದಲ್ಲ. ಬಿರುಗಾಳಿಯ ಹಿಂದೆ ಪಶ್ಚಿಮದಲ್ಲಿ ವಾಯುಭಾರ ಹೆಚ್ಚುತ್ತಿರುತ್ತದೆ, ಮುಂದೆ ನೆವಾಡಾದ ಮೇಲೆ ಕಡಿಮೆ ಇರುತ್ತದೆ. ಆ ವ್ಯತ್ಯಾಸ ಗಾಳಿಯನ್ನು ಎಳೆಯುತ್ತದೆ. ತೆಹಾಚಪಿ, ಸ್ಯಾನ್ ಗೊರ್ಗೋನಿಯೊದಂಥ ಕಣಿವೆದಾರಿಗಳಲ್ಲಿ ಅದು ಇಕ್ಕಟ್ಟಿಗೆ ಸಿಕ್ಕಿ ಇನ್ನೂ ವೇಗವಾಗುತ್ತದೆ. ಕ್ಯಾಲಿಫೋರ್ನಿಯಾ 1980ರ ದಶಕದಲ್ಲಿ ಸಾವಿರಾರು ಗಾಳಿಯಂತ್ರಗಳನ್ನು ನೆಟ್ಟಿದ್ದು ಇಂಥ ದಾರಿಗಳಲ್ಲೇ. ತಡೆಯಲು ಮರವಿಲ್ಲ, ಗಿಡವಿಲ್ಲ. ಇದೆಲ್ಲಕ್ಕಿಂತ ಸ್ವಾರಸ್ಯದ್ದು ಬೆಟ್ಟದಲೆ. ಶಿಖರದಿಂದ ಧುಮುಕಿದ ಗಾಳಿ ತನ್ನ ಮಟ್ಟಕ್ಕಿಂತ ಕೆಳಗೆ ಹೋಗಿ, ಮತ್ತೆ ಮೇಲಕ್ಕೆ ಚಿಮ್ಮಿ, ಮತ್ತೆ ಇಳಿದು ಅಲೆಯಾಗುತ್ತದೆ. ಅಲೆಯ ನೆತ್ತಿಯಲ್ಲಿ ಮಸೂರದ ಆಕಾರದ ಮೋಡ ಅಲುಗಾಡದೆ ನಿಂತಿರುತ್ತದೆ, ಅದರೊಳಗೆ ಗಾಳಿ ಮಾತ್ರ ಓಡುತ್ತಲೇ ಇರುತ್ತದೆ. 1951-52ರಲ್ಲಿ ಬಿಷಪ್‌ನಲ್ಲಿ ಬೀಡುಬಿಟ್ಟ ಸಂಶೋಧಕರ ತಂಡ ಈ ಅಲೆಗಳನ್ನು ಅಳೆಯಲು ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ಹಾರಿಸಿತು. 1952ರ ಮಾರ್ಚ್ 19ರಂದು ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ಬರೀ ಗಾಳಿಯ ಬಲದಿಂದ 44,255 ಅಡಿ ಏರಿದರು. ಇವತ್ತಿನ ಪ್ರಯಾಣಿಕ ವಿಮಾನಗಳೂ ಸಾಮಾನ್ಯವಾಗಿ ಅಷ್ಟು ಎತ್ತರದಲ್ಲಿ ಹಾರುವುದಿಲ್ಲ. ಅಲೆಯ ಕೆಳಗೆ ಗಾಳಿ ಉರುಳೆಯಂತೆ ಸುತ್ತುವ ಭಾಗಕ್ಕೆ ರೋಟರ್ ಎಂದು ಹೆಸರು. 1955ರಲ್ಲಿ ಎಡ್ಗರ್ ಅವರ ಗ್ಲೈಡರ್ ಅಂಥ ರೋಟರಿಗೆ ಸಿಕ್ಕಿ ಆಕಾಶದಲ್ಲೇ ಚೂರಾಯಿತು. ಅವರು ಪ್ಯಾರಾಚೂಟ್ ಹಿಡಿದು ಬದುಕಿ ಬಂದರು.

ಈ ಗಾಳಿ ಏಳಿಸುವ ದೂಳಿನಲ್ಲಿ ಮನುಷ್ಯರ ಪಾಲೂ ಇದೆ. ಬಿಷಪ್‌ನ ದಕ್ಷಿಣಕ್ಕೆ ಓವೆನ್ಸ್ ಎಂಬ ದೊಡ್ಡ ಸರೋವರ ಇತ್ತು. 1913ರಲ್ಲಿ ಲಾಸ್ ಏಂಜಲೀಸ್ ನಗರ ಕಾಲುವೆ ತೋಡಿ ಅದಕ್ಕೆ ಹರಿಯುವ ನದಿಯ ನೀರನ್ನು ಒಯ್ದಿತು. 1926ರ ಹೊತ್ತಿಗೆ ಸರೋವರ ಬತ್ತಿಹೋಯಿತು. ಉಳಿದಿದ್ದು ಉಪ್ಪು ಮತ್ತು ಹಿಟ್ಟಿನಂಥ ಮಣ್ಣು. ಗಾಳಿ ಎದ್ದರೆ ಕಣಿವೆಯೆಲ್ಲ ಬಿಳಿ ದೂಳು. ಅದನ್ನು ಹಿಡಿದಿಡಲು ಅದೇ ನಗರ ಈಗ ಸರೋವರದ ತಳಕ್ಕೆ ನೀರು ಬಿಡಬೇಕಾಗಿದೆ, ಜಲ್ಲಿ ಹಾಸಬೇಕಾಗಿದೆ.

ಇನ್ನು ಆ ಜಾಗ ಬದಲಿಸಿದ ಕೆರೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಗ್ಗಿನಲ್ಲಿ ಮಾಮೂಲಿಯಾಗಿ ಉಪ್ಪಿನ ಹಾಸು ಮಾತ್ರ ಇರುತ್ತದೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಉಳಿಕೆ ಒಂದೇ ದಿನ ಅಲ್ಲಿ 2.2 ಇಂಚು ಸುರಿಸಿ ಕೆರೆ ಮಾಡಿತು. 2024ರ ಫೆಬ್ರವರಿಯಲ್ಲಿ ಮತ್ತೆ ಮಳೆಯಾಗಿ ಅದು ಸುಮಾರು 10 ಕಿ.ಮೀ. ಉದ್ದಕ್ಕೆ ಹರಡಿತು. ಜನ ಕಾಯಕ್ ತಂದು ತೇಲಿದರು. ಆದರೆ ಆಳ ಒಂದೇ ಅಡಿ. ಬಿಸಿ ಕಾಫಿಯನ್ನು ಬಸಿಗೆ ಸುರಿದು ಊದಿದರೆ ಅದು ಆಚೆ ಅಂಚಿಗೆ ಸರಿಯುವುದಿಲ್ಲವೇ, ಹಾಗೆ ಗಂಟೆಗೆ 64 ಕಿ.ಮೀ.ವರೆಗಿನ ಗಾಳಿ ದಕ್ಷಿಣದಿಂದ ಬೀಸಿ ನೀರನ್ನು ಉತ್ತರಕ್ಕೆ ದೂಡಿತು. ನೆಲ ಅಷ್ಟು ಮಟ್ಟಸವಾಗಿರುವಾಗ ನೀರು ಕೆಲವೇ ಇಂಚು ಏರಿದರೂ ಕಿ.ಮೀ.ಗಟ್ಟಲೆ ಆಚೆ ಹರಡುತ್ತದೆ. ಹರಡಿ ತೆಳುವಾದ ಮೇಲೆ ದೋಣಿ ಬಿಡಲು ಆಳವೇ ಉಳಿಯಲಿಲ್ಲ.

ಇದೆಲ್ಲ ಚಳಿಗಾಲದಲ್ಲೂ ನಡೆಯುತ್ತದೆ. ಹಾಗಾದರೆ ವಸಂತದ ಬಿರುಗಾಳಿಯ ವಿಶೇಷವೇನು? ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಏರಿ ನೆಲ ಬೇಗ ಕಾಯುತ್ತದೆ. ಮೇಲಿನ ಗಾಳಿ ಮಾತ್ರ ಇನ್ನೂ ಚಳಿಗಾಲದ್ದೇ. ಕೆಳಗೆ ಬಿಸಿ, ಮೇಲೆ ತಂಪು ಆದಾಗ ಗಾಳಿ ಮೇಲೆ ಕೆಳಗೆ ಕಲಕಿಕೊಳ್ಳುತ್ತದೆ. ಕಣಿವೆಯಲ್ಲಿ ಈ ಕಲಕಾಟ ಗುಡುಗು, ಆಲಿಕಲ್ಲು ಆಗುತ್ತದೆ. ಮರುಭೂಮಿಯಲ್ಲಿ ಮೇಲಿನ ವೇಗದ ಗಾಳಿಯನ್ನು ನೆಲಕ್ಕೆ ಎಳೆದು ತರುತ್ತದೆ. ಅಲ್ಲಿ ಗಾಳಿ ಮಧ್ಯಾಹ್ನದ ಮೇಲೆ ಜೋರಾಗಿ ರಾತ್ರಿ ತಗ್ಗುವುದಕ್ಕೂ ಈ ಬಿಸಿಲೇ ಕಾರಣ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ನಮ್ಮ ಕನ್ನಡದವರು ಮಾರ್ಚ್‌ನಲ್ಲಿ ಮಕ್ಕಳಿಗೆ ಹಿಮ ತೋರಿಸಲು ತಾಹೋ ಕಡೆ ಕಾರು ತಿರುಗಿಸುವುದು ಸಾಮಾನ್ಯ. ಮನೆಯಲ್ಲಿ ಬಿಸಿಲಿದೆ, ಹೊರಡೋಣ ಅನ್ನುವ ಮೊದಲು ಮುನ್ಸೂಚನೆಯಲ್ಲಿ ಎಷ್ಟು ಇಂಚು ಎಂಬುದಕ್ಕಿಂತ ಮುಂಚೆ ಹಿಮದ ಗೆರೆ ಎಷ್ಟು ಅಡಿಯಲ್ಲಿದೆ ಎಂದು ನೋಡಿ. ಅದನ್ನು ನೀವು ದಾಟಬೇಕಾದ ಪಾಸ್‌ನ ಎತ್ತರದ ಜೊತೆ ಹೋಲಿಸಿ. ಡಾನರ್ ಶಿಖರ 7,239 ಅಡಿ. ಗೆರೆ 8,000 ಅಡಿಯಲ್ಲಿದ್ದರೆ ದಾರಿಯುದ್ದಕ್ಕೂ ಮಳೆ. 4,000ಕ್ಕೆ ಇಳಿದಿದ್ದರೆ ಬೆಟ್ಟದ ಅರ್ಧ ದಾರಿ ಹಿಮದಲ್ಲಿ. ಟೈರಿಗೆ ಕಟ್ಟುವ ಸರಪಳಿ ಡಿಕ್ಕಿಯಲ್ಲಿರಲಿ. ಹೆದ್ದಾರಿಯ ಬೋರ್ಡಿನಲ್ಲಿ ಆರ್1 ಎಂದಿದ್ದರೆ ಹಿಮದ ಟೈರ್ ಇದ್ದವರು ಸರಪಳಿ ಕಟ್ಟದೆ ಹೋಗಬಹುದು. ಆರ್2 ಇದ್ದರೆ ಆ ವಿನಾಯಿತಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ, ನಾಲ್ಕಕ್ಕೂ ಹಿಮದ ಟೈರ್ ಇರುವ ಕಾರಿಗೆ ಮಾತ್ರ. ಆರ್3 ಅಂದರೆ ಯಾರಿಗೂ ವಿನಾಯಿತಿ ಇಲ್ಲ, ಆದರೆ ಆ ಬೋರ್ಡ್ ಕಾಣಸಿಗುವುದೇ ಅಪರೂಪ. ಸ್ಥಿತಿ ಅಷ್ಟು ಕೆಡುವ ಮೊದಲೇ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ.